ಶನಿವಾರ ರಾತ್ರಿ ಸಾಣಾಪುರಕ್ಕೆ ಹೊರಡುವ ನಮ್ಮೂರ ಹುಡುಗರಿಗೆ

ತಾವರಗೇರಾದ ತಮ್ಮಂದಿರೇ,

ಶನಿವಾರ ಸಂಜೆ ಚಾದಂಗಡಿ ಮುಂದೆ ಗಾಡಿ ನಿಲ್ಲಿಸಿಕೊಂಡು, ಯಾರ ಗಾಡಿಗೆ ಎಷ್ಟು ಪೆಟ್ರೋಲು, ಯಾರ ಹತ್ತಿರ ಎಷ್ಟು ರೊಕ್ಕ ಎಂದು ಲೆಕ್ಕ ಹಾಕಿ, ಹೊತ್ತು ಮುಳುಗುತ್ತಲೇ ಕನಕಗಿರಿ ರಸ್ತೆ ಹಿಡಿಯುವವರು ನೀವು. ಕನಕಗಿರಿ ದಾಟಿ, ಗಂಗಾವತಿ ದಾಟಿ, ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ. ಈ ಪತ್ರ ನಿಮಗೆ. ನಿಮ್ಮ ಅಪ್ಪ-ಅವ್ವಗಳಿಗಲ್ಲ, ಪೊಲೀಸರಿಗೂ ಅಲ್ಲ. ಚಾಡಿ ಹೇಳುವುದಿದ್ದರೆ ಹೀಗೆ ಊರಿಗೆಲ್ಲ ಕಾಣುವಂತೆ ಬರೆಯುವ ಕಷ್ಟ ಯಾಕೆ ಬೇಕಿತ್ತು?

"ಹೋಗಬ್ಯಾಡ್ರಿ" ಎಂದು ಹೇಳಲಿಕ್ಕೂ ಬರೆಯುತ್ತಿಲ್ಲ. ನಿಮ್ಮ ತಕರಾರು ನನಗೆ ಗೊತ್ತು. "ನಮ್ಮೂರಾಗ ರಾತ್ರಿ ಒಂಬತ್ತು ಹೊಡೆದ ಮ್ಯಾಲೆ ಏನೈತ್ರಿ? ಶಟರ್ ಎಳದ್ರ ಮುಗೀತು. ಅಲ್ಲಿ ದೀಪ ಐತಿ, ಹಾಡು ಐತಿ, ದೇಶದೇಶದ ಮಂದಿ ಅದಾರ." ತಕರಾರು ಸುಳ್ಳಲ್ಲ. ಇಪ್ಪತ್ತರ ಹರೆಯದವರಿಗೆ ರಾತ್ರಿ ಬೇಕು. ಹಗಲು ಗದ್ದೆಗೆ, ಗ್ಯಾರೇಜಿಗೆ, ಕಾಲೇಜಿಗೆ, ಅಂಗಡಿ ಗಲ್ಲೆಗೆ ಹೋದ ಮೇಲೆ ಉಳಿಯುವುದು ರಾತ್ರಿಯೊಂದೇ. ನನ್ನ ತಕರಾರು ಬೇರೆ ಕಡೆಗಿದೆ. ಅಲ್ಲಿ ಹೋಗಿ ಯಾರದೋ ರಾತ್ರಿಯನ್ನು ದೂರ ನಿಂತು ನೋಡಿ, ಮೊಬೈಲಿನಲ್ಲಿ ಹಿಡಿದು, ಒಂದಿಷ್ಟು ಎಣ್ಣೆ ಹಾಕಿ ಬರುತ್ತೀರಲ್ಲ, ಅಷ್ಟಕ್ಕೇ ನಿಮಗೆ ಸಾಕಾಗುತ್ತದೆಯೇ ಎಂಬುದು.

ಮೊದಲು ಬಹಳ ದೂರದ ಒಂದು ಊರಿನ ಸುದ್ದಿ ಹೇಳುತ್ತೇನೆ. ನಾನು ಅಲ್ಲಿಗೆ ಹೋದವನಲ್ಲ. ಓದಿ, ಚಿತ್ರ ನೋಡಿ ತಿಳಿದದ್ದು. ಈಗ ಅಲ್ಲಿಗೆ ಹೋಗುವುದು ಸುಲಭವೂ ಅಲ್ಲ.

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. ನೈಜರ್ ನದಿಯನ್ನು ಸೇರುವ ಬಾನಿ ಎಂಬ ಹೊಳೆಯ ಬಯಲಲ್ಲಿದೆ. ಹೊಳೆ ತುಂಬಿದಾಗ ನಡುಗಡ್ಡೆಯಾಗಿಬಿಡುತ್ತದೆ. ಅದರ ಪಕ್ಕದಲ್ಲೇ ಇರುವ ಹಳೇ ಊರಿನ ದಿಬ್ಬವನ್ನು 1977ರಲ್ಲಿ ಅಗೆಯತೊಡಗಿದಾಗ, ಕ್ರಿಸ್ತಪೂರ್ವ 3ನೇ ಶತಮಾನದಿಂದಲೇ ಜನ ಅಲ್ಲಿ ನೆಲೆಸಿದ್ದರೆಂದು ಗೊತ್ತಾಯಿತು. ನಮ್ಮ ಕಡೆ ಲೆಕ್ಕದಲ್ಲಿ ಹೇಳುವುದಾದರೆ, ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಮಾತು ಕೊರೆಯುತ್ತಿದ್ದ ಹೊತ್ತು. ಊರ ನಡುವೆ ಸಂತೆ ಬಯಲು, ಸೋಮವಾರ ಸಂತೆ. ಸಂತೆ ಬಯಲಿಗೆ ಮುಖ ಮಾಡಿ ನಿಂತಿರುವುದು ಜೆನ್ನೆಯ ದೊಡ್ಡ ಮಸೀದಿ. ಈಗಿರುವ ಕಟ್ಟಡ 1907ರದ್ದು. ಕಲ್ಲಿಲ್ಲ, ಸಿಮೆಂಟಿಲ್ಲ, ಪೂರ್ತಿ ಹಸಿ ಇಟ್ಟಿಗೆ ಮತ್ತು ಮಣ್ಣು. ಮೂರು ಗೋಪುರಗಳ ತುದಿಗೆ ಉಷ್ಟ್ರಪಕ್ಷಿಯ ಮೊಟ್ಟೆ. ಗೋಡೆಯ ತುಂಬ ತಾಳೆಮರದ ತುಂಡುಗಳು ಹೊರಚಾಚಿಕೊಂಡಿವೆ. ಅವು ಅಂದಕ್ಕಿಟ್ಟವೂ ಹೌದು, ಹತ್ತುವ ಮೆಟ್ಟಿಲೂ ಹೌದು. ಯಾಕೆ ಹತ್ತಬೇಕು ಎಂಬುದು ಮುಂದೆ ತಿಳಿಯುತ್ತದೆ.

ಮಣ್ಣಿನ ಕಟ್ಟಡಕ್ಕೆ ಮಳೆಯೇ ಯಮ. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಇಡೀ ಊರು ಸೇರಿ ಮಸೀದಿಗೆ ಮಣ್ಣು ಮೆತ್ತುತ್ತದೆ. ಹೊಳೆಯ ಮಣ್ಣು ತಂದು, ಭತ್ತದ ಹೊಟ್ಟು ಬೆರೆಸಿ, ಕುಣಿಗಳಲ್ಲಿ ವಾರಗಟ್ಟಲೆ ಕೊಳೆಯಲು ಬಿಡುತ್ತಾರೆ. ಸಣ್ಣ ಹುಡುಗರು ಅದರಲ್ಲಿ ಇಳಿದು ತುಳಿಯುತ್ತಾರೆ; ಆಟವೂ ಆಯಿತು, ಕೆಲಸವೂ ಆಯಿತು. ಮೆತ್ತುವ ಹಿಂದಿನ ರಾತ್ರಿ ಊರಲ್ಲಿ ಯಾರೂ ಮಲಗುವುದಿಲ್ಲ. ಓಣಿಓಣಿಯ ಹುಡುಗರು ಗುಂಪು ಕಟ್ಟಿಕೊಂಡು ಡೋಲು ಬಾರಿಸುತ್ತ, ಹಾಡುತ್ತ, ಕುಣಿಯುತ್ತ ಸಂತೆ ಬಯಲಲ್ಲಿ ಸೇರುತ್ತಾರೆ. ನೀವು ಹುಡುಕಿಕೊಂಡು ಹೋಗುವ ಆ ರಾತ್ರಿಯೇ ಅದು: ಗದ್ದಲ, ತಮಾಷೆ, ಹರೆಯ, ಒಂದು ಓಣಿಯವರಿಗೆ ಇನ್ನೊಂದು ಓಣಿಯವರ ಮೇಲೆ ಪಂಥ. ಬೆಳಗಿನ ಜಾವ ಸೀಟಿ ಊದುತ್ತಲೇ ಓಟ. ಮೊದಲ ಬುಟ್ಟಿ ಮಣ್ಣನ್ನು ಯಾರು ಮಸೀದಿಗೆ ಮುಟ್ಟಿಸುತ್ತಾರೋ ಅವರದು ಆ ವರ್ಷದ ಹೆಸರು. ಹರೆಯದವರು ತಾಳೆತುಂಡು ಹಿಡಿದು ಗೋಡೆ ಏರುತ್ತಾರೆ, ಹೆಣ್ಣುಮಕ್ಕಳು ಹೊಳೆಯಿಂದ ನೀರು ಹೊರುತ್ತಾರೆ, ಮುದುಕರು ಗೌರವದ ಜಾಗದಲ್ಲಿ ಕೂತು ತಪ್ಪು ಹುಡುಕುತ್ತಾರೆ. ಮೇಸ್ತ್ರಿಗಳ ಸಂಘವೊಂದಿದೆ, ಗೋಡೆಯ ವಿಷಯದಲ್ಲಿ ಅವರದೇ ಕೊನೇ ಮಾತು. ಬಿಸಿಲು ಚುರುಗುಟ್ಟುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ಎಲ್ಲರ ಮೈಯೂ ಕೆಸರು.

ಜೆನ್ನೆಯ ಹುಡುಗರೇನು ದೇವತೆಗಳಲ್ಲ. 2006ರಲ್ಲಿ ಹೊರಗಿನ ತಜ್ಞರ ತಂಡವೊಂದು ಮಸೀದಿಯ ಮಾಳಿಗೆ ಪರೀಕ್ಷಿಸಲು ಅಗೆಯತೊಡಗಿದಾಗ ಊರಲ್ಲಿ ದೊಂಬಿಯೇ ಆಯಿತು. 1996ರಲ್ಲಿ ಫ್ಯಾಷನ್ ಪತ್ರಿಕೆಯೊಂದರವರು ಒಳಗೆ ಫೋಟೊ ತೆಗೆಸಿದ ಮೇಲೆ ಅನ್ಯಧರ್ಮದವರಿಗೆ ಬಾಗಿಲು ಬಂದ್ ಆಯಿತು. ಇದೆಲ್ಲ ಸರಿಯೇ ತಪ್ಪೇ ಎಂಬ ಪಂಚಾಯಿತಿ ನನಗೆ ಬೇಡ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜೆನ್ನೆ, ದೇಶದ ಅಶಾಂತಿಯಿಂದಾಗಿ 2016ರಿಂದ ಅಪಾಯದ ಪಟ್ಟಿಯಲ್ಲೂ ಇದೆ. ನಾನು ಹೇಳಬೇಕಾದ್ದು ಇಷ್ಟೇ: ಅಲ್ಲಿ ರಾತ್ರಿಯ ಕುಣಿತವೂ ಬೆಳಗಿನ ಮಣ್ಣೂ ಒಂದೇ ಕೈಗಳ ಕೆಲಸ. ನಿದ್ದೆಗೆಟ್ಟು ಕುಣಿದವರೇ ಗೋಡೆ ಏರುತ್ತಾರೆ.

ಮಣ್ಣು ಮೆತ್ತುವುದು ನಮಗೆ ಹೊಸದೇನಲ್ಲ. ಆರ್‌ಸಿಸಿ ಬರುವ ಮುಂಚೆ ನಮ್ಮ ಕುಷ್ಟಗಿ ಸೀಮೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವೇ. ರೋಹಿಣಿ ಮಳೆಗೆ ಮೊದಲೇ ಸವಳು ಮಣ್ಣು ತಂದು ಮಾಳಿಗೆ ಮೇಲೆ ಹರವಬೇಕು, ಗೋಡೆಗೆ ಹೊಟ್ಟು ಕಲಸಿದ ಕೆಸರು ಬಳಿಯಬೇಕು. ತಡವಾದರೆ ಒಳಗೆ ಪಾತ್ರೆ ಹಿಡಿಯಬೇಕು. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಮಣ್ಣು ಯಾವ ಹಳ್ಳದ ದಂಡೆಯಿಂದ ಬರುತ್ತಿತ್ತೆಂದು ಈಗಲೂ ಬೆರಳು ಮಾಡಿ ತೋರಿಸುತ್ತಾಳೆ. ಓಣಿಯ ಮಂದಿ ಒಬ್ಬರಿಗೊಬ್ಬರು ಕೈ ಹಚ್ಚುತ್ತಿದ್ದ ಕೆಲಸವಾಗಿತ್ತದು.

ರಾತ್ರಿಯೂ ನಮಗೆ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಹಗಲು ಹೊತ್ತು ಹತ್ತಿ ಸೆಲ್ಫಿ ತೆಗೆದುಕೊಂಡು ಇಳಿಯುತ್ತೀರಿ. ಅದು ಕಟ್ಟಿಸಿದ್ದೇ ಹಬ್ಬಕ್ಕೆ. 1443ರಲ್ಲಿ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್ ಆ ಹಬ್ಬ ನೋಡಿ ಬೆರಗಾದ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್ ಅಲ್ಲಿನ ರಾತ್ರಿಗಳನ್ನೇ ವಿವರವಾಗಿ ಬರೆದಿಟ್ಟಿದ್ದಾನೆ: ಅಂಗಳದ ತುಂಬ ಪಂಜುಗಳು, ಜಟ್ಟಿ ಕಾಳಗ, ನರ್ತಕಿಯರು, ಬಾಣಬಿರುಸು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಜೆನ್ನೆಯಿಂದ ಉತ್ತರಕ್ಕೆ ಮರಳುಗಾಡಿನ ಅಂಚಿನಲ್ಲಿರುವ ಟಿಂಬಕ್ಟು ನಗರಕ್ಕೆ ಲಿಯೊ ಆಫ್ರಿಕಾನಸ್ ಎಂಬ ಪ್ರವಾಸಿ ಹೋಗಿದ್ದ. ಅವನ ಪುಸ್ತಕ 1550ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಅಲ್ಲಿ ಬೇರೆಲ್ಲ ಸರಕಿಗಿಂತ ಪುಸ್ತಕದ ವ್ಯಾಪಾರದಲ್ಲಿ ಲಾಭ ಹೆಚ್ಚು ಎಂಬ ಅವನ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪುಟಗಳಲ್ಲಿ ಇನ್ನೊಂದು ಸಂಗತಿಯಿದೆ: ಆ ಊರಿನ ಜನ ರಾತ್ರಿ ಬಹಳ ಹೊತ್ತಿನ ತನಕ ವಾದ್ಯ ನುಡಿಸುತ್ತ, ಕುಣಿಯುತ್ತ ಬೀದಿ ಸುತ್ತುತ್ತಿದ್ದರಂತೆ. ಪಂಡಿತರ ಊರು, ಮೂರು ಹಳೇ ಮಸೀದಿಗಳ ಊರು, ಹಸ್ತಪ್ರತಿಗಳ ಊರು. ರಾತ್ರಿ ಮಾತ್ರ ಹೀಗೆ. ಅಲ್ಲಿ ಸೊಂಘಾಯ್ ದೊರೆ ಆಸ್ಕಿಯಾ ಮಹಮ್ಮದ್, ಇಲ್ಲಿ ಕೃಷ್ಣದೇವರಾಯ, ಇಬ್ಬರೂ ಒಂದೇ ಕಾಲದವರು. ನಮ್ಮ ಹಂಪಿ 1565ರಲ್ಲಿ ಹಾಳಾಯಿತು, ಅವರ ಸಾಮ್ರಾಜ್ಯ 1591ರಲ್ಲಿ.

ಸಾಮ್ರಾಜ್ಯಗಳ ಮಾತು ಬಿಡಿ, ಅವು ಹೋಗುವುದಕ್ಕೇ ಬರುತ್ತವೆ. ರಾತ್ರಿಗಳು ಉಳಿದುಕೊಂಡವು. ದೊಡ್ಡಾಟ ಬೆಳತನಕ ನಡೆಯುತ್ತಿತ್ತು. ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಮೇಳ. ಕತಲ್ ರಾತ್ರಿ ಹಿಂದೂ ಮುಸ್ಲಿಂ ಎನ್ನದೆ ಮನೆಮಂದಿಯೆಲ್ಲ ಎದ್ದಿರುತ್ತಿದ್ದರು. ಮುದಗಲ್ಲಿನ ಮೊಹರಂ ನೋಡಲು ಇವತ್ತಿಗೂ ನಮ್ಮೂರಿಂದ ಗಾಡಿ ತುಂಬ ಜನ ಹೋಗುತ್ತಾರೆ. ಶ್ಯಾಮೀದಲಿ ದರ್ಗಾದ ಉರುಸಿನಲ್ಲಿ ನಮ್ಮೂರೂ ಎದ್ದೇ ಇರುತ್ತದೆ. ಜಾತ್ರೆ ಬಂದರೆ ನಾಟಕ ಕಂಪನಿಯ ಟೆಂಟು. ಇನ್ನು ಶಿಳ್ಳೇಕ್ಯಾತರ ತೊಗಲುಗೊಂಬೆ. ಕೊಪ್ಪಳದ ಪಕ್ಕದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ವಯಸ್ಸು 96. ರಾಮಾಯಣ, ಮಹಾಭಾರತದ ಗೊಂಬೆಗಳನ್ನು ಹೊತ್ತು ಹಲವು ದೇಶಗಳಲ್ಲಿ ಆಡಿಸಿ ಬಂದ ಅಜ್ಜಿ. ಆಕೆಯ ಫೋಟೊ ನೀವೆಲ್ಲ ಸ್ಟೇಟಸ್ ಇಟ್ಟುಕೊಂಡಿದ್ದಿರಿ. ಆಟ ನೋಡಿದವರೆಷ್ಟು ಮಂದಿ?

ಈಗ ನೀವು ಹೋಗುವ ಊರಿನ ಮಾತು.

ಹಂಪಿ ದೇವಸ್ಥಾನದ ಊರು. ಅಲ್ಲಿ ಬಾಡೂಟವೂ ಇಲ್ಲ, ಮದ್ಯವೂ ಇಲ್ಲ. ಹೊಳೆಯ ಈಚೆ ದಡ, ನಮ್ಮ ಗಂಗಾವತಿ ಸೀಮೆಗೆ ಸೇರಿದ ವಿರುಪಾಪುರಗಡ್ಡಿಗೆ, ವಿದೇಶಿಯರು ದೋಣಿಯಲ್ಲಿ ದಾಟಿ ಬರತೊಡಗಿದ್ದು ಅದಕ್ಕಾಗಿ. ಭತ್ತದ ಗದ್ದೆ, ಬಂಡೆ, ಹೊಳೆ. ಮೊದಲು ಗುಡಿಸಲು, ಆಮೇಲೆ ಗೆಸ್ಟ್‌ಹೌಸು, ಆಮೇಲೆ ರೆಸಾರ್ಟು. ಇಸ್ರೇಲಿನ ಹುಡುಗ ಹುಡುಗಿಯರು ಸೈನ್ಯದ ಸೇವೆ ಮುಗಿಸಿ ತಿಂಗಳುಗಟ್ಟಲೆ ಬಂದು ಬಿದ್ದುಕೊಳ್ಳುತ್ತಿದ್ದರು. ಗಿಟಾರು, ಡೋಲು, ಹೊಗೆ. ಹಿಪ್ಪಿ ದ್ವೀಪ ಎಂದು ಹೆಸರೇ ಬಿತ್ತು. ಆದರೆ ಆ ಜಾಗ 1988ರಲ್ಲೇ ಸಂರಕ್ಷಿತ ಪ್ರದೇಶವೆಂದು ಸರ್ಕಾರದ ಅಧಿಸೂಚನೆ ಹೊರಟಿತ್ತು. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಪ್ರಾಧಿಕಾರ ನೋಟಿಸು ಕೊಟ್ಟಿತು, ಮಾಲೀಕರು ಕೋರ್ಟಿಗೆ ಹೋದರು. 2015ರಲ್ಲಿ ಹೈಕೋರ್ಟು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಎರಡೂ ಪ್ರಾಧಿಕಾರದ ಪರ. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿ ಬಂದವು. ಅದರ ಹಿಂದೆಯೇ ಕೊರೊನಾ.

ಆ ತೀರ್ಪು ಸರಿಯೆಂದೇ ನಾನು ಎಣಿಸುತ್ತೇನೆ. ಪರಂಪರೆಯ ನೆಲದ ಮೇಲೆ ಪರವಾನಗಿ ಇಲ್ಲದೆ ಕಟ್ಟಿದ್ದನ್ನು ಕೋರ್ಟು ಇನ್ನು ಹೇಗೆ ಉಳಿಸಬೇಕಿತ್ತು? ಆದರೆ ಜೆಸಿಬಿಗೆ ರಾತ್ರಿಯನ್ನು ಕೆಡವಲು ಬರುವುದಿಲ್ಲ. ಗಡ್ಡಿಯಲ್ಲಿ ಇದ್ದದ್ದು ಸಾಣಾಪುರಕ್ಕೆ, ಹನುಮನಹಳ್ಳಿಗೆ, ಆನೆಗೊಂದಿ ರಸ್ತೆಗೆ ಹರಡಿತು. ಅಲ್ಲಿಯ ಮಂದಿಗೆ ಅದರಿಂದ ಅನ್ನವೂ ಆಗಿದೆ, ಅದನ್ನು ಮರೆಯಬಾರದು. ಹರಿಗೋಲು ನಡೆಸುವವರು, ಅಡುಗೆಯವರು, ಆಟೊದವರು, ಮನೆಯ ಎರಡು ಕೋಣೆ ಬಾಡಿಗೆಗೆ ಕೊಟ್ಟು ಮಗಳನ್ನು ಓದಿಸುತ್ತಿರುವವರು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟಿನವರು ಬಾಳೆನಾರಿನ ಕಸುಬು ಕಲಿಸಿ ಹೆಣ್ಣುಮಕ್ಕಳ ಕೈಗೆ ದುಡಿಮೆ ಕೊಟ್ಟದ್ದೂ ಇದೇ ಪ್ರವಾಸಿಗರನ್ನು ನಂಬಿಕೊಂಡು.

ಆಮೇಲೆ 2025ರ ಮಾರ್ಚ್ 6ರ ರಾತ್ರಿ ಬಂತು. ಅದರ ಬಗ್ಗೆ ನಿಮ್ಮ ಹತ್ತಿರ ಮಾತಾಡದೆ ಈ ಪತ್ರ ಮುಗಿಸಿದರೆ ನಾನು ಹೇಡಿ. ಸಾಣಾಪುರದ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆಯ ಮೇಲೆ ಐವರು ಕೂತಿದ್ದರು: ಇಸ್ರೇಲಿನಿಂದ ಬಂದ ಹುಡುಗಿ, ಅವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟಿದ್ದ ಹೆಣ್ಣುಮಗಳು, ಮತ್ತೆ ಮೂವರು ಪ್ರವಾಸಿ ಗಂಡಸರು. ಊಟ ಮುಗಿಸಿ ನಕ್ಷತ್ರ ನೋಡಲು ಬಂದವರು. ಬೈಕಿನಲ್ಲಿ ಮೂವರು ಬಂದು ಪೆಟ್ರೋಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು, ಆಮೇಲೆ ರೊಕ್ಕ ಕೇಳಿದರು. ಗಂಡಸರನ್ನು ಕಾಲುವೆಗೆ ತಳ್ಳಲಾಯಿತು. ಒಡಿಶಾದವನೊಬ್ಬ ಮುಳುಗಿ ಸತ್ತ. ಹೆಣ್ಣುಮಕ್ಕಳಿಬ್ಬರ ಮೇಲೆ ಅತ್ಯಾಚಾರ ನಡೆಯಿತು. ಬಂಧಿತರಾದವರು ಎಲ್ಲಿಂದಲೋ ಬಂದವರಲ್ಲ, ಗಂಗಾವತಿಯ ಯುವಕರು.

"ಅವರೆಲ್ಲಿ, ನಾವೆಲ್ಲಿ" ಎನ್ನುತ್ತೀರಿ. ಹೌದು, ನೀವು ಅವರಲ್ಲ. ಆದರೂ ಕಾಲುವೆ ದಂಡೆಯಲ್ಲಿ ಕೂತ ಹೆಣ್ಣುಮಗಳಿಗೆ ದೂರದಿಂದ ಕಾಣುವುದು ಒಂದು ಬೈಕಿನ ಲೈಟು, ಅದರ ಮೇಲೆ ಮೂರು ತಲೆ. ಲೈಟು ಬಿದ್ದ ಕೂಡಲೇ ಅವಳ ಎದೆ ಧಸಕ್ಕೆನ್ನುತ್ತದೆ. ಆ ಲೈಟು ನಿಮ್ಮದೂ ಇರಬಹುದು. ಕೆಫೆಯ ಬೇಲಿಯಾಚೆ ನಿಂತು, ಕುಣಿಯುವ ಪರದೇಶಿ ಹುಡುಗಿಯ ವಿಡಿಯೊ ತೆಗೆದು ಗ್ರೂಪಿಗೆ ಹಾಕಿದ ದಿನ ನೀವು ಯಾವ ಕಡೆ ನಿಂತಿದ್ದಿರಿ, ಒಮ್ಮೆ ಯೋಚಿಸಿ. "ರಾತ್ರಿ ಹನ್ನೊಂದಕ್ಕೆ ಅವರಿಗೆ ಅಲ್ಲೇನು ಕೆಲಸ" ಎಂದು ನಮ್ಮ ಚಾದಂಗಡಿಯಲ್ಲೂ ಮಾತು ಬಂತು. ಅದೇ ಹೊತ್ತಿಗೆ ಅಲ್ಲಿ ನಿಮಗೇನು ಕೆಲಸ ಎಂದು ಯಾರೂ ಕೇಳಲಿಲ್ಲ. ನಕ್ಷತ್ರ ನೋಡುವುದಕ್ಕೆ ರಾತ್ರಿಯೇ ಬೇಕಲ್ಲ, ತಮ್ಮಂದಿರೇ.

ಹೊಳೆಯ ಬಗ್ಗೆಯೂ ಒಂದು ಮಾತು. ಅದೇ ವರ್ಷದ ಫೆಬ್ರುವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬಳು ಸಾಣಾಪುರದ ಬಂಡೆಯಿಂದ ತುಂಗಭದ್ರೆಗೆ ಜಿಗಿದು ಕೊಚ್ಚಿಹೋದಳು; ಅದು ಹಾಡಹಗಲು. ಎಣ್ಣೆ ಹಾಕಿ ಕತ್ತಲಲ್ಲಿ ಆ ಬಂಡೆಗಳ ಮೇಲೆ ಹತ್ತುವವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇಂಥದ್ದು ನಡೆದಾಗಲೆಲ್ಲ ಒಂದು ಕೂಗು ಏಳುತ್ತದೆ: ಎಲ್ಲ ಮುಚ್ಚಿಸಿ, ರಾತ್ರಿ ಯಾರೂ ಹೊರಗೆ ಬರಬಾರದು, ಹಾಡು ಬೇಡ, ದೀಪ ಬೇಡ. ಅವರ ಜೊತೆಗೂ ನಾನಿಲ್ಲ. ಮುಚ್ಚಿಸಿದವರ ಕಥೆಯನ್ನೂ ಆ ಟಿಂಬಕ್ಟುವಿನಲ್ಲೇ ನೋಡಬಹುದು. 2001ರಿಂದ ಆ ಸೀಮೆಯಲ್ಲಿ ವರ್ಷಕ್ಕೊಮ್ಮೆ ಮರಳುಗಾಡಿನ ಸಂಗೀತೋತ್ಸವ ನಡೆಯುತ್ತಿತ್ತು. ಒಂಟೆ ಮೇಲೆ ಬಂದವರೂ ವಿಮಾನದಲ್ಲಿ ಬಂದವರೂ ಒಂದೇ ಮರಳಿನ ಮೇಲೆ ಕೂತು ರಾತ್ರಿಯಿಡೀ ಹಾಡು ಕೇಳುತ್ತಿದ್ದರು. 2012ರ ಜನವರಿಯದೇ ಕೊನೆಯದು. ಕೆಲವೇ ತಿಂಗಳಲ್ಲಿ ಶಸ್ತ್ರಧಾರಿಗಳು ಊರು ಹಿಡಿದು ಹಾಡು, ಕುಣಿತ ನಿಷೇಧಿಸಿದರು. ಅದೇ ಜನ ಗುದ್ದಲಿ ಹಿಡಿದು ಸೂಫಿ ಸಂತರ ನೂರಾರು ವರ್ಷಗಳ ಗೋರಿಗಳನ್ನೂ ಒಡೆದರು. ಒಡೆಸಿದವರಲ್ಲಿ ಒಬ್ಬನಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಜೈಲು ವಿಧಿಸಿತು. ಗೋರಿಗಳನ್ನು ಊರಿನ ಮೇಸ್ತ್ರಿಗಳೇ ಮತ್ತೆ ಕಟ್ಟಿದರು. ಹಾಡು ನಿಲ್ಲಿಸಿದವರೇ ಗೋರಿಯನ್ನೂ ಒಡೆದರು ಎಂಬುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ನಮ್ಮಲ್ಲಿಯೂ ರಾತ್ರಿ ನಿರ್ಜನವಾದರೆ ಲಾಭ ಯಾರಿಗೆ? ನಿಧಿಗಳ್ಳರಿಗೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ರಾತ್ರೋರಾತ್ರಿ ಅಗೆದು ಕೆಡವಿದ್ದು ಅಂಥವರೇ. ಭಕ್ತರು ಬಂದು ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ನೊಂದು ಪ್ರಕರಣ ನಿಮಗೆ ನೆನಪಿರಬೇಕು. ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಹಂಪಿಯ ಗಜಶಾಲೆ ಹಿಂದಿನ ವಿಷ್ಣು ದೇವಾಲಯದ ಕಂಬವನ್ನು ನಿಮ್ಮ ವಯಸ್ಸಿನ ಹುಡುಗರು ತಳ್ಳಿ ಬೀಳಿಸಿ ನಕ್ಕಿದ್ದು. ಸಿಕ್ಕಿಬಿದ್ದ ನಾಲ್ವರಿಗೆ ಹೊಸಪೇಟೆಯ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು. ಬಿದ್ದದ್ದನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ನನಗೆ ಈ ಶಿಕ್ಷೆ ಬಹಳ ಹಿಡಿಸಿತು. ಜೆನ್ನೆಯ ಹುಡುಗರು ಪಂಥ ಕಟ್ಟಿ ಓಡೋಡಿ ಮಾಡುವ ಕೆಲಸವನ್ನು ನಮ್ಮ ಹುಡುಗರಿಂದ ಮಾಡಿಸಲಿಕ್ಕೆ ನ್ಯಾಯಾಧೀಶರು ಬೇಕಾಯಿತು.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಿ. ನಾನು ಸರ್ಕಾರವಲ್ಲ, ಯೋಜನೆ ಮಂಡಿಸುವುದಿಲ್ಲ. ನಿಮ್ಮ ಗಾಡಿ ಹೋಗುವ ದಾರಿಯಲ್ಲೇ ಒಂದೆರಡು ಕಡೆ ನಿಲ್ಲಿಸಿ ಎನ್ನುತ್ತೇನೆ.

ಕನಕಗಿರಿಯಲ್ಲಿ ನಿಲ್ಲಿಸಿ, ಆದರೆ ಹಗಲಲ್ಲಿ. "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂಬ ಗಾದೆಯನ್ನು ಭಾಷಣದಲ್ಲಿ ಕೇಳಿ ಚಪ್ಪಾಳೆ ಹೊಡೆದಿದ್ದೀರಿ. ಕನಕಾಚಲಪತಿ ಗುಡಿಯ ಕಂಬಗಳ ಮುಂದೆ ಅರ್ಧ ತಾಸು ಕೂತವರು ನಿಮ್ಮಲ್ಲಿ ಎಷ್ಟು ಜನ? ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ ಸುಮಾರು 400 ಕಲ್ಮನೆಗಳು ಅಲ್ಲಿವೆ. ನಮ್ಮವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಬಂಡೆಯ ನೆತ್ತಿಯ ಮೇಲೆ ನಗಾರಿಯಂಥದೊಂದು ಕಲ್ಲಿದೆ. ಬಡಿದರೆ ದೂರದ ತನಕ ದನಿ ಕೇಳುತ್ತದೆ. ಡಿಜೆ ಎಂದು ಬಡಿದಾಡುವವರು ಈ ಸೀಮೆಯ ಹಳೇ ವಾದ್ಯವನ್ನೊಮ್ಮೆ ನೋಡಿ ಬರಬೇಕು. ನೋಡಿ ಬನ್ನಿ ಎಂದೆ, ಬಡಿದು ಒಡೆಯಿರಿ ಎನ್ನಲಿಲ್ಲ. ಇನ್ನು ನಮ್ಮ ಮಗ್ಗುಲಲ್ಲೇ ಇರುವ ಪುರದ ಸೋಮೇಶ್ವರ ಗುಡಿ. ಅಂಗಳದ ತುಂಬ ಲಿಂಗಗಳಿರುವ ಅದಕ್ಕೆ ನೀವು ಹೋಗುವುದು ಮನೆಯವರ ಬಲವಂತಕ್ಕೆ ಮಾತ್ರ.

ಈಗ ರಾತ್ರಿಯ ವಿಷಯ. ಮಾಲಿ ದೇಶದಲ್ಲೇ, ಸೆಗು ಸೀಮೆಯಲ್ಲಿ ಸೊಗೊ ಬೊ ಎಂಬ ಗೊಂಬೆಯಾಟವಿದೆ. ಆಳೆತ್ತರದ ಪ್ರಾಣಿ ಗೊಂಬೆಗಳು, ಮುಖವಾಡಗಳು, ಡೋಲು, ಹಾಡು. ಅದನ್ನು ನಡೆಸುವುದು ಸಂಸ್ಕೃತಿ ಇಲಾಖೆಯಲ್ಲ, ಹಿರಿಯರ ಸಮಿತಿಯೂ ಅಲ್ಲ. ಊರಿನ ಹರೆಯದವರ ಸಂಘ. ಗೊಂಬೆ ಯಾವುದು, ಹಾಡು ಯಾವುದು, ಯಾರು ಯಾವಾಗ ಹೊರಗೆ ಬರಬೇಕು, ಎಲ್ಲ ಅವರದೇ. ಅದೇ ದೇಶದ ನಿಯಾಫುಂಕೆ ಎಂಬ ಊರಿನ ಅಲಿ ಫರ್ಕಾ ಟೂರೆ ಜಗತ್ತೆಲ್ಲ ಕೇಳಿದ ಗಿಟಾರು ವಾದಕ, ಗ್ರ್ಯಾಮಿ ಪ್ರಶಸ್ತಿ ಪಡೆದವನು. ತಾನು ಮೊದಲು ರೈತ ಎನ್ನುತ್ತಿದ್ದ ಅವನು 2004ರಲ್ಲಿ ಊರಿನ ಮೇಯರ್ ಆಗಿ ತನ್ನ ಕೈಯಿಂದ ಖರ್ಚು ಮಾಡಿ ರಸ್ತೆ, ಚರಂಡಿ ಮಾಡಿಸಿದ. ಗಿಟಾರು ಹಿಡಿದ ಮಾತ್ರಕ್ಕೆ ಊರು ಬಿಟ್ಟು ಓಡಬೇಕಿಲ್ಲ ಎಂಬುದಕ್ಕೆ ಅವನ ಹೆಸರು ತೆಗೆದೆ.

ನಿಮ್ಮಲ್ಲೂ ಸಂಘಗಳಿಗೇನು ಬರವಿಲ್ಲ. ಗಣಪತಿಗೊಂದು, ಕ್ರಿಕೆಟ್ಟಿಗೊಂದು, ನಟರ ಅಭಿಮಾನಕ್ಕೆ ನಾಲ್ಕು. ಗಣೇಶ ವಿಸರ್ಜನೆಗೆ ಡಿಜೆಯವನಿಗೆ ಕೊಡುವ ರೊಕ್ಕದಲ್ಲಿ ಒಂದು ಪಾಲು ತೆಗೆದಿಡಿ. ಮಳೆಗಾಲದ ಮುಂಚೆ ಒಂದು ಶನಿವಾರ ನಮ್ಮ ರಾಯನಕೆರೆ ದಂಡೆಯ ಮೇಲೆ ತೊಗಲುಗೊಂಬೆಯವರನ್ನು ಕರೆಸಿ. ಮೊರನಾಳದವರನ್ನೇ ಕೇಳಿ. ಬಿಳೇ ಪರದೆ, ಹಿಂದೊಂದು ದೀಪ, ಅವರಿಗೆ ಊಟ, ಹೋಗಿಬರುವ ಖರ್ಚು ಮತ್ತು ಮರ್ಯಾದೆಯ ಸಂಭಾವನೆ, ಇಷ್ಟೇ ಬೇಕಾದ್ದು. ಡಿಜೆಯವನ ಹತ್ತಿರ ಚೌಕಾಸಿ ಮಾಡದ ನೀವು ಇವರ ಹತ್ತಿರ ಮಾಡಬೇಡಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂರಲಿ. ಆಟ ಮುಗಿದ ಮೇಲೆ, ಎಷ್ಟೇ ಹೊತ್ತಾಗಿದ್ದರೂ, ಯಾರ ಅಣ್ಣನ ಕಾವಲೂ ಇಲ್ಲದೆ ಅವರು ಮನೆಗೆ ನಡೆದುಹೋಗುವಂತಿರಬೇಕು. ಆ ಜವಾಬ್ದಾರಿ ಪೊಲೀಸರದ್ದಲ್ಲ, ನಿಮ್ಮದು. ಅದೊಂದು ಆಗದಿದ್ದರೆ ಗೊಂಬೆ ಕರೆಸಬೇಡಿ, ಖರ್ಚು ದಂಡ.

ಮರುದಿನ ಭಾನುವಾರ ಬೆಳಿಗ್ಗೆ, ನಿದ್ದೆಗೆಟ್ಟ ಕಣ್ಣಲ್ಲೇ ಕೆರೆ ದಂಡೆಯ ಪ್ಲಾಸ್ಟಿಕ್ಕು, ಬಾಟಲಿ ತೆಗೆಯಿರಿ. ಬಾಟಲಿ ಯಾರವೆಂದು ನಾನು ಕೇಳುವುದಿಲ್ಲ. ಓಣಿಗೊಂದು ಗುಂಪು ಮಾಡಿಕೊಂಡು ಪಂಥ ಕಟ್ಟಿಕೊಳ್ಳಿ. ಪುರದ ಗುಡಿಯಂಗಳದಲ್ಲಿ ಬೆಳೆದ ಮುಳ್ಳುಕಂಟಿ ಕೀಳುವುದಿದ್ದರೆ ಮಾತ್ರ ಸಂಬಂಧಪಟ್ಟವರನ್ನು ಮೊದಲು ಕೇಳಿ. ಹಳೇ ಕಲ್ಲಿಗೆ ನಾವಾಗಿಯೇ ಸುಣ್ಣ, ಸಿಮೆಂಟು, ಪೇಂಟು ಹಚ್ಚಿ ಉದ್ಧಾರ ಮಾಡಿದ್ದು ಈಗಾಗಲೇ ಸಾಕಷ್ಟಿದೆ.

ಸಾಣಾಪುರಕ್ಕೂ ಹೋಗಿ. ಹರಿಗೋಲಿನವನಿಗೆ ಪೂರ್ತಿ ಬಾಡಿಗೆ ಕೊಡಿ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ, ಕುಡಿದರೆ ಗಾಡಿ ಹತ್ತಬೇಡಿ. ಬೇಲಿಯಾಚೆ ನಿಲ್ಲಬೇಡಿ, ದುಡ್ಡಿದ್ದರೆ ಒಳಗೆ ಹೋಗಿ ಕೂತು ಚಾ ಕುಡಿದು ಮಾತಾಡಿ. ಆ ಪರದೇಶಿಯವರಿಗೆ ಹಂಪಿ ಗೊತ್ತು, ಕನಕಗಿರಿ ಗೊತ್ತಿಲ್ಲ, ತಾವರಗೇರಾ ಅಂತೂ ಗೊತ್ತೇ ಇಲ್ಲ. ಗೊಂಬೆಯಾಟದ ದಿನ ಇಟ್ಟುಕೊಂಡಿದ್ದರೆ ಅವರನ್ನೂ ಕರೆಯಬಹುದು. ಬರುತ್ತಾರೆ ಎಂದು ನನ್ನ ನಂಬಿಕೆ.

ಪಟ್ಟಣ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಅರ್ಜಿ ಕೊಡಬೇಕಾಗುತ್ತದೆ: ಜಾಗ, ಕರೆಂಟು, ಧ್ವನಿವರ್ಧಕದ ಅನುಮತಿ. ಅರ್ಜಿಯನ್ನು ನೀವೇ ಬರೆಯಿರಿ, ನಿಮ್ಮ ಹೆಸರಲ್ಲೇ ಕೊಡಿ. ಹಿರಿಯರ ಸಹಿ ಬೇಕೆಂದು ಯಾರಾದರೂ ಅಡ್ಡಗಾಲು ಹಾಕಿದರೆ ನನ್ನದನ್ನು ಹಾಕಿಸಿಕೊಳ್ಳಿ. ವಂತಿಗೆಯ ಪಟ್ಟಿ ಮಾಡಿದಾಗ ನನ್ನ ಮನೆಗೆ ಮೊದಲು ಬನ್ನಿ.

ಇಂತಿ ನಿಮ್ಮವನೇ ಆದ
ಊರಿನ ಒಬ್ಬ ಕಾಕಾ